ಎಲೆಕ್ಟ್ರಾ ಲೇಸರಿನ ಹಾಳೆ: 25 ಮೈಕ್ರಾನ್ ಲೋಹದ ಸುತ್ತ ಕಟ್ಟಿದ ಯಂತ್ರ

ಎಲೆಕ್ಟ್ರಾನ್ ಕಿರಣದಿಂದ ಪಂಪ್ ಮಾಡುವ, ಅಂದರೆ ಶಕ್ತಿ ತುಂಬುವ, ಅನಿಲ ಲೇಸರಿನಲ್ಲಿ ಒಂದು ಪಕ್ಕ ನಿರ್ವಾತ, ಇನ್ನೊಂದು ಪಕ್ಕ ವಾತಾವರಣಕ್ಕಿಂತ ಹೆಚ್ಚು ಒತ್ತಡದ ಅನಿಲ. ಎರಡನ್ನೂ ಬೇರೆಮಾಡುವುದು ತೆಳ್ಳನೆಯ ಲೋಹದ ಹಾಳೆ, ಅಂದರೆ ಫಾಯಿಲ್. ಎಲೆಕ್ಟ್ರಾನುಗಳು ಅದನ್ನು ತೂರಿಕೊಂಡು ಹೋಗಬೇಕು, ಅನಿಲ ತೂರಿ ಬರಬಾರದು. ದಪ್ಪ ಮಾಡಿದರೆ ಕಿರಣದ ಶಕ್ತಿ ಹಾಳೆಯಲ್ಲೇ ಉಳಿಯುತ್ತದೆ, ತೆಳ್ಳಗೆ ಮಾಡಿದರೆ ಹರಿಯುತ್ತದೆ. ಗಂಟೆಗೊಮ್ಮೆ ಶಾಟ್ (ಕಿರಣದ ಒಂದು ಮಿಡಿತ) ಹೊಡೆಯುವ ಪ್ರಯೋಗದಲ್ಲಿ ಈ ಇಕ್ಕಟ್ಟನ್ನು ಹೇಗೋ ನಿಭಾಯಿಸಬಹುದು. ಸೆಕೆಂಡಿಗೆ ಐದು ಶಾಟ್ ಬೇಕೆಂದಾಗ ಯಂತ್ರದ ಉಳಿದೆಲ್ಲ ಭಾಗಗಳನ್ನೂ ಹಾಳೆಯನ್ನು ಮುಂದಿಟ್ಟುಕೊಂಡೇ ವಿನ್ಯಾಸ ಮಾಡಬೇಕಾಗುತ್ತದೆ.

ಇಲ್ಲಿ ಎತ್ತಿಕೊಂಡಿರುವ ಪ್ರಕರಣ ವಾಷಿಂಗ್ಟನ್ನಿನ ಅಮೆರಿಕ ನೌಕಾ ಸಂಶೋಧನಾ ಪ್ರಯೋಗಾಲಯದ (ಎನ್‌ಆರ್‌ಎಲ್) ಎಲೆಕ್ಟ್ರಾ ಯಂತ್ರದ್ದು. ಅದೇ ಪ್ರಯೋಗಾಲಯದಲ್ಲಿ 1995ರಲ್ಲಿ ಪೂರ್ಣಗೊಂಡ ನೈಕಿ ಎಂಬ 56 ಕಿರಣಗಳ ಕ್ರಿಪ್ಟಾನ್ ಫ್ಲೋರೈಡ್ ಲೇಸರ್ 248 ನ್ಯಾನೋಮೀಟರ್ ತರಂಗಾಂತರದಲ್ಲಿ ಕಿಲೋಜೂಲ್ ಮಟ್ಟದ ಶಕ್ತಿ ಕೊಟ್ಟಿತು. ಆದರೆ ಅದು ಒಂದು ಶಾಟ್ ಹೊಡೆದು ದೀರ್ಘ ವಿರಾಮ ತೆಗೆದುಕೊಳ್ಳುವ ಯಂತ್ರ. ಲೇಸರಿನಿಂದ ಪರಮಾಣು ಸಮ್ಮಿಳನದ (ಫ್ಯೂಷನ್) ವಿದ್ಯುತ್ ಸ್ಥಾವರ ನಡೆಸುವುದಾದರೆ ಸೆಕೆಂಡಿಗೆ 5 ಶಾಟ್, ಎರಡು ವರ್ಷ ನಿಲ್ಲದೆ, ಅಂದರೆ ಸುಮಾರು 30 ಕೋಟಿ ಶಾಟ್ ಬೇಕು. ಗೋಡೆಯ ಪ್ಲಗ್ಗಿನಿಂದ ಗುರಿಯ ತನಕ ಶೇ. 6ರಿಂದ 7ರಷ್ಟು ದಕ್ಷತೆಯೂ ಬೇಕು. ಇದು ಸಾಧ್ಯವೇ ಎಂದು ಪರೀಕ್ಷಿಸಲು ಜಾನ್ ಸೆಥಿಯನ್ ಅವರ ನೇತೃತ್ವದಲ್ಲಿ ಕಟ್ಟಿದ್ದೇ ಎಲೆಕ್ಟ್ರಾ.

ಯಂತ್ರದ ಅಳತೆ

ಮುಖ್ಯ ಆಂಪ್ಲಿಫೈಯರಿನ ಲೇಸರ್ ಸೆಲ್‌ನ ದ್ವಾರ 30 ಸೆಂ.ಮೀ. × 30 ಸೆಂ.ಮೀ., ಉದ್ದ 100 ಸೆಂ.ಮೀ. ಎದುರುಬದುರಾಗಿ ಎರಡು ಡಯೋಡ್‌ಗಳು, ಅಂದರೆ ಎಲೆಕ್ಟ್ರಾನ್ ಕಿರಣ ಹುಟ್ಟಿಸುವ ನಿರ್ವಾತ ಕೋಣೆಗಳು; ಎಲೆಕ್ಟ್ರಾನುಗಳನ್ನು ಹಾಳೆಯ ಕಡೆಗೆ ಸೂಸುವ ಕ್ಯಾಥೋಡ್ ಪ್ರತಿಯೊಂದರಲ್ಲೂ 30 × 100 ಸೆಂ.ಮೀ. ಒಂದು ಪಕ್ಕದ ಕಿರಣ 500 ಕಿಲೋವೋಲ್ಟ್, 110 ಕಿಲೋಆಂಪಿಯರ್, 140 ನ್ಯಾನೋಸೆಕೆಂಡ್. ಮೂರನ್ನೂ ಗುಣಿಸಿದರೆ 7.7 ಕಿಲೋಜೂಲ್ ಬರುತ್ತದೆ. ಪಲ್ಸಿನ ಏರು ಮತ್ತು ಇಳಿತದ ಭಾಗಗಳನ್ನು ಕಳೆದು ಚಪ್ಪಟೆ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಇದಕ್ಕಿಂತ ಕಡಿಮೆ. ಅನಿಲ ಸುಮಾರು ಶೇ. 40 ಕ್ರಿಪ್ಟಾನ್, ಶೇ. 59.7 ಆರ್ಗಾನ್, ಶೇ. 0.3 ಫ್ಲೋರಿನ್. ಒಟ್ಟು ಒತ್ತಡ 1.36 ವಾತಾವರಣ, ಅದರಲ್ಲಿ ಫ್ಲೋರಿನ್‌ನ ಪಾಲು ಬರೀ 3 ಟಾರ್ (ಒಂದು ವಾತಾವರಣ ಎಂದರೆ 760 ಟಾರ್).

ಡಯೋಡಿನ ಅಂತರ ಸುಮಾರು 5 ಸೆಂ.ಮೀ. ಇದೇಕೆ ಎಂಬುದನ್ನು ನಿರ್ವಾತದ ಅಂತರದಲ್ಲಿ ಎಷ್ಟು ಕರೆಂಟು ಹರಿಯಬಲ್ಲದೆಂದು ಹೇಳುವ ಚೈಲ್ಡ್-ಲ್ಯಾಂಗ್ಮುಯರ್ ಸೂತ್ರದಿಂದ ನೋಡಬಹುದು: 500 ಕಿಲೋವೋಲ್ಟಿಗೆ 5 ಸೆಂ.ಮೀ. ಅಂತರದಲ್ಲಿ ಚದರ ಸೆಂಟಿಮೀಟರಿಗೆ 33 ಆಂಪಿಯರ್ ಹರಿಯುತ್ತದೆ. 110 ಕಿಲೋಆಂಪಿಯರನ್ನು 3000 ಚದರ ಸೆಂಟಿಮೀಟರಿಗೆ ಹಂಚಿದರೆ 37 ಬರುತ್ತದೆ. ಕ್ಯಾಥೋಡ್ ಪ್ಲಾಸ್ಮಾ ಪಲ್ಸಿನುದ್ದಕ್ಕೂ ಮುಂದಕ್ಕೆ ಸರಿದು ಅಂತರ ಸ್ವಲ್ಪ ಕಿರಿದಾಗುವುದರಿಂದ ಎರಡು ಅಂಕಿಗಳೂ ಹತ್ತಿರ ಕೂರುತ್ತವೆ. ಇಷ್ಟು ಕರೆಂಟು ತನ್ನದೇ ಕಾಂತಕ್ಷೇತ್ರದಿಂದ ನಡುವಿಗೆ ಹಿಂಡಿಕೊಳ್ಳದಂತೆ ತಡೆಯಲು ಹೊರಗಿನಿಂದ ಸುಮಾರು 1.4 ಕಿಲೋಗಾಸ್ ಕಾಂತಕ್ಷೇತ್ರ ಕೊಡುತ್ತಾರೆ.

ಹಾಳೆಯನ್ನು ಹಿಡಿಯುವ ಚೌಕಟ್ಟಿಗೆ ಈ ಕ್ಷೇತ್ರದವರು ಹಿಬಾಚಿ ಎನ್ನುತ್ತಾರೆ. ಕಿಟಕಿಯ ಸರಳುಗಳ ಹಾಗೆ ಸಾಲಾಗಿ ನಿಂತ ಲೋಹದ ರಿಬ್‌ಗಳು, ಒಳಗೆ ನೀರು ಹರಿಯುವ ದಾರಿ. ರಿಬ್‌ಗಳು ನಿರ್ವಾತದ ಕಡೆ ಇರುತ್ತವೆ, ಹಾಳೆ ಅನಿಲದ ಕಡೆ. ಅನಿಲದ ಒತ್ತಡವೇ ಹಾಳೆಯನ್ನು ರಿಬ್‌ಗಳಿಗೆ ಒತ್ತಿ ಹಿಡಿಯುತ್ತದೆ. ಹಳೆಯ ವಿನ್ಯಾಸಗಳಲ್ಲಿ ರಿಬ್‌ಗಳ ನಿರ್ವಾತದ ಮುಖಕ್ಕೆ ಆನೋಡ್ ಹಾಳೆ ಎಂದು ಇನ್ನೊಂದು ಹಾಳೆ ಇರುತ್ತಿತ್ತು.

ಹಾಳೆಯ ಮೇಲೆ ಎಷ್ಟು ಎಳೆತ, ಎಷ್ಟು ಬಿಸಿ

ರಿಬ್‌ನಿಂದ ರಿಬ್‌ಗೆ 4 ಸೆಂ.ಮೀ. ಅಂತರ, 25 ಮೈಕ್ರಾನ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಹಾಳೆ, 1.36 ವಾತಾವರಣದ ಒತ್ತಡ ವ್ಯತ್ಯಾಸ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಹಾಳೆಯನ್ನು ಸಪಾಟಾಗಿ ಬಿಗಿದು ಒತ್ತಡ ಕೊಟ್ಟರೆ ಅದು ಚೂರೇ ಚೂರು ಉಬ್ಬುತ್ತದೆ. ಉಬ್ಬು ಕಡಿಮೆಯಾದಷ್ಟೂ ಎಳೆತ ಹೆಚ್ಚು. ಉದ್ದನೆಯ ಪೊರೆಯ ಸೂತ್ರದಲ್ಲಿ ಹಾಕಿದರೆ ಎಳೆತ ಸುಮಾರು 765 ಮೆಗಾಪ್ಯಾಸ್ಕಲ್. ಹದಗೊಳಿಸಿದ 304 ಸ್ಟೀಲ್ ಇನ್ನೂರು ಚಿಲ್ಲರೆಗೇ ಶಾಶ್ವತವಾಗಿ ಹಿಗ್ಗಲು ಶುರುಮಾಡುತ್ತದೆ. ಹಾಗಾಗಿ ಸಪಾಟು ಹಾಳೆ ಮೊದಲ ಸಲ ಅನಿಲ ತುಂಬುವಾಗಲೇ ಹಿಗ್ಗಿ, ತನಗೆ ಬೇಕಾದ ಉಬ್ಬನ್ನು ತಾನೇ ಮಾಡಿಕೊಳ್ಳುತ್ತದೆ. ಹೀಗೆ ಹಿಗ್ಗುವುದು ಎಲ್ಲೆಡೆ ಸಮನಾಗಿರುವುದಿಲ್ಲ. ರಿಬ್ ತುದಿ ಚೌಕಟ್ಟನ್ನು ಸೇರುವ ಮೂಲೆಯಲ್ಲಿ ಹಾಳೆ ಎರಡು ದಿಕ್ಕಿಗೆ ಎಳೆಯಲ್ಪಟ್ಟು ಸುಕ್ಕುಗಟ್ಟುತ್ತದೆ, ಮುಂದೆ ಬಿರುಕು ಹುಟ್ಟುವುದೂ ಅಲ್ಲಿಂದಲೇ.

ಇದಕ್ಕೆ ಕಂಡುಕೊಂಡ ಪರಿಹಾರ ಅಲೆಯಂಚಿನ ಹಿಬಾಚಿ. ಚೌಕಟ್ಟಿನ ಅಂಚನ್ನೇ ಅಲೆಯಾಕಾರಕ್ಕೆ ಕೊರೆದು, ಪ್ರತಿ ಜೋಡಿ ರಿಬ್ ನಡುವೆಯೂ ಹಾಳೆ ಮೊದಲೇ ಕಮಾನಾಗಿ ಕೂರುವಂತೆ ಮಾಡುತ್ತಾರೆ. ಕಮಾನಿನ ತ್ರಿಜ್ಯ 3 ಸೆಂ.ಮೀ. ಎಂದಾದರೆ ಎಳೆತ ಒತ್ತಡ × ತ್ರಿಜ್ಯ ÷ ದಪ್ಪ, ಅಂದರೆ 165 ಮೆಗಾಪ್ಯಾಸ್ಕಲ್. ಅದೇ ಹಾಳೆ, ಅದೇ ಒತ್ತಡ, ಎಳೆತ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಆಕಾರ ಬದಲಿಸುವುದರಿಂದ ಸಿಗುವ ಈ ಲಾಭ ಯಾವ ದುಬಾರಿ ಮಿಶ್ರಲೋಹದಿಂದಲೂ ಇಷ್ಟು ಸುಲಭವಾಗಿ ಸಿಗದು. ಹಾಳೆಗಾಗಿ ಲೋಹ ಹುಡುಕುವ ಮೊದಲು ಚೌಕಟ್ಟನ್ನು ಸರಿಮಾಡಿಕೊಳ್ಳಬೇಕು.

ಈ ಎಳೆತ ಸ್ಥಿರವಾಗಿಯೂ ಇರುವುದಿಲ್ಲ. ಪ್ರತಿ ಶಾಟ್‌ನಲ್ಲೂ ಸೆಲ್‌ಗೆ ಸುಮಾರು 8 ಕಿಲೋಜೂಲ್ ಬೀಳುತ್ತದೆ ಎಂದು ಹಿಡಿಯೋಣ. ಪಂಪ್ ಆಗುವ ಜಾಗ 90 ಲೀಟರ್. ಏಕಪರಮಾಣು ಅನಿಲಕ್ಕೆ ಒತ್ತಡದ ಜಿಗಿತ ಶಕ್ತಿ ಸಾಂದ್ರತೆಯ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 0.58 ವಾತಾವರಣ. ಸೆಕೆಂಡಿಗೆ ಐದು ಸಲ ಹಾಳೆಯ ಮೇಲಿನ ಒತ್ತಡ 1.36ರಿಂದ 1.9ಕ್ಕೆ ಹಾರಿ ಇಳಿಯುತ್ತದೆ, ಎಳೆತ 165ರಿಂದ 235ಕ್ಕೆ ಹೋಗಿ ಬರುತ್ತದೆ. ಹದಗೊಳಿಸಿದ ಸ್ಟೀಲಿಗೆ ಇದು ಮೇರೆ ದಾಟಿದ ಅಂಕಿ. ಆದ್ದರಿಂದ ತಣ್ಣಗೆ ಉರುಳಿಸಿ ಗಡಸು ಮಾಡಿದ ಹಾಳೆಯೇ ಬೇಕು.

ಈಗ ಬಿಸಿ, ಈ ಲೆಕ್ಕಕ್ಕೆ ಸ್ಟೀಲಿನ ಬದಲು ಅದೇ ದಪ್ಪದ ಟೈಟಾನಿಯಂ ಹಿಡಿಯೋಣ. 25 ಮೈಕ್ರಾನ್ ಟೈಟಾನಿಯಂ ಹಾಳೆಯ ತೂಕ ಚದರ ಸೆಂಟಿಮೀಟರಿಗೆ 11 ಮಿಲಿಗ್ರಾಂ. 500 ಕಿಲೋಎಲೆಕ್ಟ್ರಾನ್‌ವೋಲ್ಟಿನ ಎಲೆಕ್ಟ್ರಾನು ಅದನ್ನು ದಾಟುವಾಗ ಓರೆದಾರಿಯನ್ನೂ ಸೇರಿಸಿ 20ರಿಂದ 25 ಕಿಲೋಎಲೆಕ್ಟ್ರಾನ್‌ವೋಲ್ಟ್ ಕಳೆದುಕೊಳ್ಳುತ್ತದೆ. ಶೇ. 4-5 ನಷ್ಟ ಎಂದರೆ ಸಣ್ಣದೆನಿಸುತ್ತದೆ. ಆದರೆ ಚದರ ಸೆಂಟಿಮೀಟರಿಗೆ ಶಾಟ್ ಒಂದಕ್ಕೆ 0.11 ಜೂಲ್, ಹಾಳೆಯ ತಾಪ ಪ್ರತಿ ಶಾಟ್‌ಗೂ ಸುಮಾರು 19 ಡಿಗ್ರಿ ಏರಿಕೆ. ಐದು ಹರ್ಟ್ಸ್‌ನಲ್ಲಿ ಸರಾಸರಿ 0.55 ವ್ಯಾಟ್. ಈ ಬಿಸಿ ಹಾಳೆಯೊಳಗಿಂದಲೇ ಅಡ್ಡಕ್ಕೆ ಹರಿದು ರಿಬ್‌ನ ನೀರನ್ನು ಸೇರಲಿ ಎಂದು ಬಿಟ್ಟರೆ, 4 ಸೆಂ.ಮೀ. ಅಗಲದ ನಡುಭಾಗದಲ್ಲಿ ತಾಪ ವ್ಯತ್ಯಾಸ 2000 ಡಿಗ್ರಿ ದಾಟುತ್ತದೆ. ಟೈಟಾನಿಯಂ ಅದಕ್ಕೂ ಮೊದಲೇ ಕರಗುತ್ತದೆ. ರಿಬ್‌ನಲ್ಲಿ ಎಷ್ಟೇ ತಣ್ಣನೆಯ ನೀರು ಹರಿಸಿದರೂ ನಡುಭಾಗಕ್ಕೆ ಅದರ ಪ್ರಯೋಜನ ಮುಟ್ಟುವುದಿಲ್ಲ ಎಂಬುದನ್ನು ಈ ಲೆಕ್ಕ ಒಂದೇ ಸಾಲಿನಲ್ಲಿ ತೋರಿಸುತ್ತದೆ.

ಹಾಗಾಗಿ ಬಿಸಿಯನ್ನು ಅನಿಲವೇ ಹೊತ್ತೊಯ್ಯಬೇಕು. ಎಲೆಕ್ಟ್ರಾದಲ್ಲಿ ಲೇಸರ್ ಅನಿಲ ಮುಚ್ಚಿದ ಸುತ್ತಿನಲ್ಲಿ ಬ್ಲೋವರ್ ಮತ್ತು ಶಾಖ ವಿನಿಮಯಕಗಳ ಮೂಲಕ ತಿರುಗುತ್ತದೆ. ಹರಿವನ್ನು ಹಾಳೆಯ ಹತ್ತಿರಕ್ಕೆ ತಿರುಗಿಸುವ ತಡಿಕೆಗಳು, ಹಾಳೆಯ ಮೈಗುಂಟ ಅನಿಲ ಚಿಮ್ಮಿಸುವ ಸಣ್ಣ ಜೆಟ್‌ಗಳು, ಎರಡನ್ನೂ ಅಧ್ಯಯನ ಮಾಡಲಾಯಿತು. ಇಲ್ಲಿ ಎರಡು ಬೇಡಿಕೆಗಳು ಪರಸ್ಪರ ಜಗಳವಾಡುತ್ತವೆ. ಹಾಳೆಗೆ ಕಲಕಿದ ಹರಿವು ಬೇಕು, ಏಕೆಂದರೆ ಅದೇ ಬಿಸಿ ಎಳೆಯುತ್ತದೆ. ಲೇಸರಿಗೆ ಶಾಟ್ ಹೊತ್ತಿಗೆ ಶಾಂತ ಅನಿಲ ಬೇಕು, ಸಾಂದ್ರತೆಯ ಏರುಪೇರು ಕಿರಣದ ಗುಣವನ್ನು ಕೆಡಿಸುತ್ತದೆ. 30 ಸೆಂ.ಮೀ. ಅಗಲದ ಅನಿಲವನ್ನು 0.2 ಸೆಕೆಂಡಿನಲ್ಲಿ ಒಮ್ಮೆ ಬದಲಿಸಲು ಸೆಕೆಂಡಿಗೆ 1.5 ಮೀಟರ್ ವೇಗ ಸಾಕು. ಮೂಲೆಗಳಲ್ಲಿ ಉಳಿದ ಬಿಸಿ ಅನಿಲವೂ ಹೊರಬೀಳಬೇಕಾದರೆ ಎರಡು-ಮೂರು ಪಟ್ಟು ಬೇಕು. ವಿನಿಮಯಕದಿಂದ ಹೊರಹಾಕಬೇಕಾದ ಬಿಸಿ 8 ಕಿಲೋಜೂಲ್ × 5, ಅಂದರೆ 40 ಕಿಲೋವ್ಯಾಟ್.

ರಿಬ್‌ಗೆ ಬಡಿದು ಹಾಳಾಗುವ ಕಿರಣ

ರಿಬ್‌ನ ಅಗಲ 1 ಸೆಂ.ಮೀ., ಅಂತರ 4 ಸೆಂ.ಮೀ. ಎಂದಾದರೆ ಇಡೀ ಮೈಯಿಂದ ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡಿನಿಂದ ಹೊರಟ ಕಿರಣದ ಕಾಲುಭಾಗ ನೇರವಾಗಿ ಲೋಹಕ್ಕೆ ಬಡಿಯುತ್ತದೆ. ಎರಡು ಹಾಳೆಗಳ ನಷ್ಟ, ಹಿಂದಕ್ಕೆ ಚಿಮ್ಮುವ ಎಲೆಕ್ಟ್ರಾನುಗಳು ಸೇರಿದರೆ ಅರ್ಧದಷ್ಟು ಶಕ್ತಿ ಅನಿಲವನ್ನು ತಲುಪುವುದೇ ಇಲ್ಲ. ಫ್ರಾಂಕ್ ಹೆಗೆಲರ್ ಮತ್ತು ಸಂಗಡಿಗರು ಎಲೆಕ್ಟ್ರಾದಲ್ಲಿ ಎರಡು ಬದಲಾವಣೆ ಮಾಡಿದರು. ಆನೋಡ್ ಹಾಳೆಯನ್ನು ತೆಗೆದುಹಾಕಿದರು. ಕ್ಯಾಥೋಡನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಪ್ರತಿ ಪಟ್ಟಿಯ ಕಿರಣವೂ ಎರಡು ರಿಬ್‌ಗಳ ನಡುವಿನಿಂದಲೇ ಹಾದುಹೋಗುವಂತೆ ಮಾಡಿದರು. 500 ಕಿಲೋವೋಲ್ಟಿನಲ್ಲಿ ಅನಿಲಕ್ಕೆ ತಲುಪುವ ಪಾಲು ಶೇ. 75ರ ಆಸುಪಾಸಿಗೆ ಏರಿತು.

ಹೇಳಿದಷ್ಟು ಸುಲಭದ ಕೆಲಸವಲ್ಲ ಇದು. ಕ್ಯಾಥೋಡಿನಿಂದ ಹೊರಟ ಪಟ್ಟಿ ಹಾಳೆಯನ್ನು ಮುಟ್ಟುವಷ್ಟರಲ್ಲಿ ತಿರುಗಿಬಿಡುತ್ತದೆ. ಕಿರಣದ ಸ್ವಂತ ಕಾಂತಕ್ಷೇತ್ರ ನಡುವಿನಲ್ಲಿ ಸೊನ್ನೆ, ಅಂಚಿಗೆ ಹೋದಂತೆ ಹೆಚ್ಚು. 30 ಸೆಂ.ಮೀ. ದಪ್ಪದ ಕಿರಣವನ್ನು ಅನಂತ ಹಲಗೆ ಎಂದುಕೊಂಡರೆ ಅಂಚಿನಲ್ಲಿ ಅದು ಸುಮಾರು 700 ಗಾಸ್, ಹೊರಗಿನ ಕ್ಷೇತ್ರದ ಅರ್ಧ. ಎಲೆಕ್ಟ್ರಾನುಗಳು ಕೂಡಿದ ಕ್ಷೇತ್ರದ ರೇಖೆಯನ್ನು ಹಿಡಿದು ನಡೆದರೆ 5 ಸೆಂ.ಮೀ. ದಾರಿಯಲ್ಲಿ ಪಟ್ಟಿಯ ತುದಿ 2.5 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಮೇಲಿನ ತುದಿ ಒಂದು ಕಡೆ, ಕೆಳಗಿನ ತುದಿ ಇನ್ನೊಂದು ಕಡೆ. ಇದು ಹೆಚ್ಚಾಗಿಸಿ ಹೇಳಿದ ಲೆಕ್ಕ, ಏಕೆಂದರೆ ಕಿರಣಕ್ಕೆ ಕೊನೆಯಿದೆ, ಎಲೆಕ್ಟ್ರಾನುಗಳು ರೇಖೆಯನ್ನು ಚಾಚೂ ತಪ್ಪದೆ ಹಿಂಬಾಲಿಸುವುದೂ ಇಲ್ಲ. ಆದರೂ ರಿಬ್ ನಡುವಿನ ತೆರಪು 3 ಸೆಂ.ಮೀ. ಇರುವಾಗ ಇದರ ಅರ್ಧ ಸರಿದರೂ ಪಟ್ಟಿಯ ತುದಿ ರಿಬ್ ಮೇಲೆಯೇ. ಎಲೆಕ್ಟ್ರಾದಲ್ಲಿ ಕ್ಯಾಥೋಡ್ ಪಟ್ಟಿಗಳನ್ನೇ ಸುಮಾರು 6 ಡಿಗ್ರಿ ಎದುರು ದಿಕ್ಕಿಗೆ ಓರೆಯಾಗಿಸಿ ಕೂರಿಸಿ, ಹಾಳೆಯ ಬಳಿ ಅವು ರಿಬ್‌ಗಳಿಗೆ ಸಮಾನಾಂತರವಾಗಿ ಬರುವಂತೆ ಮಾಡಿದರು.

ಈ ಓರೆ ಒಂದೇ ವೋಲ್ಟೇಜಿಗೆ, ಒಂದೇ ಕಾಂತಕ್ಷೇತ್ರಕ್ಕೆ ಸರಿ. ಕಾಂತದ ಕರೆಂಟು ಶೇ. 10 ಬದಲಾದರೆ ತಿರುಗುವಿಕೆಯೂ ಹೆಚ್ಚುಕಡಿಮೆ ಅಷ್ಟೇ ಬದಲಾಗುತ್ತದೆ. ಕಾಂತದ ಪವರ್ ಸಪ್ಲೈ ಸ್ಥಿರವಾಗಿದೆಯೇ ಎಂಬುದನ್ನು ಹಾಳೆಯ ಆಯುಷ್ಯಕ್ಕೆ ಸಂಬಂಧಿಸಿದ ವಿಷಯವೆಂದೇ ದಾಖಲಿಸಬೇಕು.

ಪಟ್ಟಿಗಳ ಇನ್ನೊಂದು ತೊಂದರೆ ಅಂಚು. ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ಒತ್ತರಿಸುವುದರಿಂದ ಅಲ್ಲಿ ಕರೆಂಟು ಗಟ್ಟಿಯಾಗಿ ಸುತ್ತ ಒಂದು ಅಂಚುಗಟ್ಟು ಹುಟ್ಟುತ್ತದೆ. ಇಡೀ ಕ್ಯಾಥೋಡಿಗೆ ನಾಲ್ಕೇ ಅಂಚು, ಪಟ್ಟಿ ಮಾಡಿದರೆ ಪ್ರತಿ ಪಟ್ಟಿಗೂ ಅಂಚು. ಪಟ್ಟಿಯ ಪಕ್ಕದಲ್ಲಿ ಯಾವುದಕ್ಕೂ ತಗಲಿಸದೆ ತೇಲಿಬಿಟ್ಟ, ವಿದ್ಯುತ್ ಕ್ಷೇತ್ರದ ಆಕಾರ ತಿದ್ದುವ ಲೋಹದ ತುಂಡನ್ನು ಇಟ್ಟರೆ ಈ ಗಟ್ಟು ಇಳಿಯುತ್ತದೆ ಎಂಬುದನ್ನು ಎನ್‌ಆರ್‌ಎಲ್ ತಂಡ ತೋರಿಸಿತು. ಹೊರಸೂಸುವ ಮೈಗೆ ಮಖಮಲ್ಲಿನ ಬದಲು ಕಾರ್ಬನ್ ನಾರು, ಅದರ ಮುಂದೆ ಜೇನುಗೂಡಿನ ಆಕಾರದ ಸೆರಾಮಿಕ್ ಬಂದದ್ದೂ ಇದೇ ಕೆಲಸದ ಭಾಗ. ಮಖಮಲ್ಲು ಬೇಗ ಸೂಸಲು ಶುರುಮಾಡುತ್ತದೆ, ಸಮನಾಗಿ ಸೂಸುತ್ತದೆ, ಆದರೆ ಪ್ರತಿ ಶಾಟ್‌ಗೂ ಅನಿಲ ಬಿಡುತ್ತದೆ, ಬೇಗ ಸವೆಯುತ್ತದೆ. ಸೆಕೆಂಡಿಗೆ ಐದು ಸಲ ಹೊಡೆಯುವ ಡಯೋಡಿಗೆ ಅದು ಹೊಂದುವುದಿಲ್ಲ.

ಪಟ್ಟಿ ಎಲ್ಲಿ ಬೀಳುತ್ತಿದೆ ಎಂದು ನೋಡಲು ಒಳ್ಳೆಯ ಉಪಕರಣ ಕಿರಣ ಬಿದ್ದಲ್ಲಿ ಬಣ್ಣ ಬದಲಿಸುವ ರೇಡಿಯೋಕ್ರೋಮಿಕ್ ಫಿಲ್ಮ್. ಸೆಲ್ ಖಾಲಿಮಾಡಿ, ಫ್ಲೋರಿನ್ ಪೂರ್ತಿ ಹೋಗಿದೆ ಎಂದು ಖಾತ್ರಿಮಾಡಿಕೊಂಡು, ಹಾಳೆಯ ಅನಿಲದ ಕಡೆಗೆ ಫಿಲ್ಮ್ ಅಂಟಿಸಿ ಒಂದು ಶಾಟ್ ಹೊಡೆಯುತ್ತಾರೆ. ಫಿಲ್ಮ್ ಆಯ್ಕೆಯಲ್ಲಿ ಎಚ್ಚರ ಬೇಕು: ಇಲ್ಲಿ ಒಂದೇ ಶಾಟ್‌ನ ಡೋಸ್ 7-8 ಕಿಲೋಗ್ರೇ. ಆಸ್ಪತ್ರೆಯ ವಿಕಿರಣ ಚಿಕಿತ್ಸೆಯ ಅಳತೆಗೆ ಮಾಡಿದ ಫಿಲ್ಮ್ ಪೂರ್ತಿ ಕಪ್ಪಾಗಿ ಏನನ್ನೂ ತೋರಿಸುವುದಿಲ್ಲ. ಕಿಲೋಗ್ರೇ ಮಟ್ಟದ ಫಿಲ್ಮೇ ಬೇಕು. ಸರಿಯಾದ ಶಾಟ್‌ನಲ್ಲಿ ಕಪ್ಪು ಪಟ್ಟಿಗಳ ಎರಡೂ ಬದಿ ಬಿಳಿ ಅಂಚು ಸಮನಾಗಿ ಕಾಣುತ್ತದೆ. ಪಟ್ಟಿಯ ಒಂದು ತುದಿಯಲ್ಲಿ ಎಡ ಅಂಚು, ಇನ್ನೊಂದು ತುದಿಯಲ್ಲಿ ಬಲ ಅಂಚು ರಿಬ್ ನೆರಳಿನಿಂದ ಚೂಪಾಗಿ ಕತ್ತರಿಸಿದಂತಿದ್ದರೆ ಓರೆ ತಪ್ಪಿದೆ ಎಂದರ್ಥ. ಎಲ್ಲ ಪಟ್ಟಿಗಳೂ ಒಂದೇ ಕಡೆಗೆ ಕತ್ತರಿಸಿದ್ದರೆ ಓರೆ ಸರಿಯಿದೆ, ಕ್ಯಾಥೋಡ್ ಕೂರಿಸಿದ ಜಾಗ ಸರಿದಿದೆ.

ಅನಿಲಕ್ಕೆ ನಿಜವಾಗಿ ಎಷ್ಟು ಶಕ್ತಿ ಸೇರಿತು ಎಂಬುದನ್ನು ಒತ್ತಡದ ಜಿಗಿತದಿಂದ ಅಳೆಯುವುದು ರೂಢಿ. ಮೇಲೆ ಹೇಳಿದ ಮೂರರಲ್ಲಿ ಎರಡು ಪಾಲಿನ ಸಂಬಂಧವನ್ನೇ ಹಿಂದುಮುಂದಾಗಿ ಬಳಸಬೇಕು. ತಪ್ಪು ನುಸುಳುವುದು ಗಾತ್ರದಲ್ಲಿ. ಗೇಜ್ ಓದುವ ಹೊತ್ತಿಗೆ ಬಿಸಿ ಅನಿಲ ಪಂಪ್ ಆಗದ ಮೂಲೆಗಳಿಗೂ, ಕೊಳವೆಗಳಿಗೂ ಹಿಗ್ಗಿರುತ್ತದೆ. 90 ಲೀಟರಿನ ಬದಲು ಸೆಲ್‌ನ ಒಟ್ಟು ಗಾತ್ರವನ್ನು ಹಾಕಬೇಕು, ಅದನ್ನು ಚಿತ್ರದಿಂದ ಲೆಕ್ಕ ಹಾಕುವುದಕ್ಕಿಂತ ತಿಳಿದ ಗಾತ್ರದ ಸಿಲಿಂಡರಿನಿಂದ ಅನಿಲ ಬಿಟ್ಟು ಅಳೆಯುವುದೇ ನಂಬಿಕಸ್ಥ. ಗೋಡೆಗಳಿಗೆ ಬಿಸಿ ಸೋರುವುದರಿಂದ ಒತ್ತಡದ ರೇಖೆ ಇಳಿಯುತ್ತಿರುತ್ತದೆ, ಅದನ್ನು ಶಾಟ್‌ನ ಕ್ಷಣಕ್ಕೆ ಹಿಂದಕ್ಕೆ ಎಳೆದು ಓದಬೇಕು.

ಪಲ್ಸಿನ ಬಾಲ

ಎಳೆತ, ಬಿಸಿ, ಪಟ್ಟಿಯ ಗುರಿ ಎಲ್ಲವೂ ಸರಿಯಿದ್ದರೂ ಹಾಳೆಗೆ ಸೂಜಿಮೊನೆಯ ತೂತು ಬೀಳುವುದುಂಟು. ಇಂಥ ಕಡೆ ಹಾಳೆಯನ್ನು ದೂರಿ ದಪ್ಪ ಹೆಚ್ಚಿಸುವುದು ಸುಲಭದ, ಆದರೆ ಹಾದಿತಪ್ಪಿಸುವ ದಾರಿ. ಮೊದಲು ನೋಡಬೇಕಾದದ್ದು ಡಯೋಡ್ ವೋಲ್ಟೇಜಿನ ರೇಖೆಯನ್ನು, ಅದೂ ಮುಖ್ಯ ಪಲ್ಸನ್ನಲ್ಲ, ಅದು ಮುಗಿದ ನಂತರದ ಒಂದೆರಡು ಮೈಕ್ರೋಸೆಕೆಂಡನ್ನು.

ಎಲೆಕ್ಟ್ರಾದ ಮೊದಲ ಪಲ್ಸ್ ಪವರ್ ವ್ಯವಸ್ಥೆ ಹೀಗಿತ್ತು: ಕೆಪಾಸಿಟರ್ ಬ್ಯಾಂಕ್, ಏರು ಟ್ರಾನ್ಸ್‌ಫಾರ್ಮರ್, ನೀರು ತುಂಬಿದ ಪಲ್ಸ್ ರೂಪಿಸುವ ಲೈನುಗಳು, ಲೇಸರಿನಿಂದ ಹೊತ್ತಿಸುವ ಅನಿಲ ಸ್ವಿಚ್ಚುಗಳು. ಡಯೋಡಿನ ಪ್ರತಿರೋಧ 500 ÷ 110, ಅಂದರೆ ಸುಮಾರು 4.5 ಓಮ್. ಲೈನೂ 4.5 ಓಮ್ ಇದ್ದರೆ ಪಲ್ಸ್ ಮುಗಿದಾಗ ಶಕ್ತಿಯೆಲ್ಲ ಖರ್ಚಾಗಿರುತ್ತದೆ. ಆದರೆ ಕ್ಯಾಥೋಡ್ ಪ್ಲಾಸ್ಮಾ ಮೈಕ್ರೋಸೆಕೆಂಡಿಗೆ ಕೆಲವು ಸೆಂಟಿಮೀಟರ್ ವೇಗದಲ್ಲಿ ಮುಂದಕ್ಕೆ ಸರಿಯುತ್ತದೆ. ಅಂತರ ಕಿರಿದಾಗಿ ಡಯೋಡು 3.6 ಓಮಿಗೆ ಇಳಿಯಿತೆಂದುಕೊಳ್ಳೋಣ. ಆಗ ಮುಖ್ಯ ಪಲ್ಸಿನ ಹಿಂದೆಯೇ ಅದರ ಶೇ. 11ರಷ್ಟು, ಅಂದರೆ 55 ಕಿಲೋವೋಲ್ಟ್, ತಲೆಕೆಳಗಾಗಿ ಬರುತ್ತದೆ. ಈ ತಲೆಕೆಳಗಾದ ಹೊತ್ತಿನಲ್ಲಿ ಹಾಳೆಯೇ ಕ್ಯಾಥೋಡ್. ನಯವಾದ ಶುದ್ಧ ಹಾಳೆ ಇಷ್ಟಕ್ಕೆ ಸೂಸಲಾರದು. ಆದರೆ ಆಗಲೇ ಪ್ಲಾಸ್ಮಾ ಸ್ವಲ್ಪ ಮುಂದೆ ಬಂದಿರುತ್ತದೆ, ಹಾಳೆಯ ಮೇಲೆ ಕಾರ್ಬನ್ ನಾರಿನ ಚೂರುಗಳು, ಗೀರುಗಳು ಇರುತ್ತವೆ. ಅಂಥ ಒಂದು ಚುಕ್ಕೆಯಲ್ಲಿ ಸೂಸುವಿಕೆ ಹೊತ್ತಿಕೊಂಡರೆ ಉಳಿದ ಕರೆಂಟೆಲ್ಲ ಅಲ್ಲಿಗೇ ಕೂಡಿಕೊಂಡು 25 ಮೈಕ್ರಾನನ್ನು ಸುಟ್ಟು ದಾಟುತ್ತದೆ.

ಹಾಗಾದರೆ ಡಯೋಡನ್ನು ಲೈನಿಗಿಂತ ಹೆಚ್ಚು ಓಮಿಗೆ ಇಟ್ಟರಾಯಿತು ಎನಿಸಬಹುದು. ಆಗ ಬಾಲ ಅದೇ ದಿಕ್ಕಿಗೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಹಾಳೆ ಸೂಸುವುದಿಲ್ಲ, ನಿಜ. ಆದರೆ 50 ಕಿಲೋವೋಲ್ಟಿನ ಬಾಲದ ಎಲೆಕ್ಟ್ರಾನು ಟೈಟಾನಿಯಂನಲ್ಲಿ ಚದರ ಸೆಂಟಿಮೀಟರಿಗೆ 6 ಮಿಲಿಗ್ರಾಂ ದಾಟುವಷ್ಟರಲ್ಲಿ ನಿಂತುಬಿಡುತ್ತದೆ, ಹಾಳೆ ಇರುವುದು 11 ಮಿಲಿಗ್ರಾಂ. ಬಾಲದ ಶಕ್ತಿ ಪೂರ್ತಿ ಹಾಳೆಗೇ. 50 ಕಿಲೋವೋಲ್ಟ್, 11 ಕಿಲೋಆಂಪಿಯರ್, ಇನ್ನೊಂದು 140 ನ್ಯಾನೋಸೆಕೆಂಡ್ ಎಂದರೆ 77 ಜೂಲ್. ಮುಖ್ಯ ಪಲ್ಸ್ ಇಡೀ ಹಾಳೆಯಲ್ಲಿ ಬಿಡುವುದು ಸುಮಾರು 330 ಜೂಲ್. ಅನಿಲಕ್ಕೆ ಏನೂ ಲಾಭವಿಲ್ಲದೆ ಹಾಳೆಯ ಬಿಸಿ ಕಾಲುಭಾಗದಷ್ಟು ಹೆಚ್ಚಾಯಿತು.

ಅಂದರೆ ಎರಡೂ ಕಡೆಯ ಹೊಂದಾಣಿಕೆ ತಪ್ಪುವಿಕೆ ಹಾಳೆಯನ್ನು ಕೊಲ್ಲುತ್ತದೆ, ಒಂದು ತೂತಿನಿಂದ, ಇನ್ನೊಂದು ಬಿಸಿಯಿಂದ. ತೂತಿನದು ಹೆಚ್ಚು ಅಪಾಯ, ಏಕೆಂದರೆ ಮುನ್ಸೂಚನೆ ಇರುವುದಿಲ್ಲ. ಆದ್ದರಿಂದ ಡಯೋಡಿನ ಅಂತರವನ್ನು ಪಲ್ಸ್ ಕೊನೆಯ ಪ್ರತಿರೋಧಕ್ಕೆ ಲೆಕ್ಕ ಹಾಕಿ, ಬಾಲ ಸ್ವಲ್ಪವೇ ಸ್ವಲ್ಪ ಅದೇ ದಿಕ್ಕಿಗಿರುವಂತೆ ಇಡುವುದು ಉತ್ತಮ. ಕ್ಯಾಥೋಡ್ ಹಳತಾದಂತೆ ಸೂಸುವುದು ತಡವಾಗಿ ಪ್ರತಿರೋಧ ಬದಲಾಗುತ್ತದೆ. ದಿನದ ಮೊದಲ ನೂರು ಶಾಟ್‌ಗಳ ಬಾಲವನ್ನು ಹಿಂದಿನ ದಿನದ್ದರ ಮೇಲೆ ಇಟ್ಟು ನೋಡುವ ಅಭ್ಯಾಸ ಹಾಳೆ ಉಳಿಸುತ್ತದೆ. ಸ್ಕೋಪಿನ ಲಂಬ ಅಳತೆಯನ್ನು ಮುಖ್ಯ ಪಲ್ಸಿಗೆ ಹೊಂದಿಸಿದ್ದರೆ ಶೇ. 5ರ ಬಾಲ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೆ ಬೇರೆ ಚಾನೆಲ್, ಹೆಚ್ಚು ಸೂಕ್ಷ್ಮ ಅಳತೆ, ಮಿತಿಗೊಳಿಸುವ ಸರ್ಕ್ಯೂಟ್ ಬೇಕು.

ಇದೇ ಗುಂಪಿಗೆ ಸೇರುವ ಮತ್ತೊಂದು ರೋಗ ದೊಡ್ಡ ಡಯೋಡುಗಳ ಪ್ರಯಾಣಕಾಲ ಅಸ್ಥಿರತೆ. ಎಲೆಕ್ಟ್ರಾನು ಅಂತರ ದಾಟುವ ಕಾಲಕ್ಕೂ ಡಯೋಡಿನ ಮೈಕ್ರೋವೇವ್ ಕಂಪನಕ್ಕೂ ತಾಳೆಯಾದರೆ ಕಿರಣ ಗಿಗಾಹರ್ಟ್ಸ್ ಆವರ್ತನದಲ್ಲಿ ತೊನೆಯುತ್ತದೆ, ಶಕ್ತಿ ಹರಡಿಹೋಗುತ್ತದೆ, ಕಡಿಮೆ ಶಕ್ತಿಯ ಎಲೆಕ್ಟ್ರಾನುಗಳು ಹಾಳೆಯಲ್ಲೇ ನಿಲ್ಲುತ್ತವೆ. ನೈಕಿಯ 60 ಸೆಂ.ಮೀ. ಆಂಪ್ಲಿಫೈಯರಿನಲ್ಲಿ ಕ್ಯಾಥೋಡಿಗೆ ಆಳದ ಸೀಳುಗಳನ್ನು ಕೊರೆದು, ಅವುಗಳಲ್ಲಿ ಕಂಪನ ಹೀರುವ ಪ್ರತಿರೋಧ ಕೂರಿಸಿ ಇದನ್ನು ಅಡಗಿಸಿದರು.

ಹಾಳೆ ಕೂರಿಸುವ ಕೆಲಸ, ಫ್ಲೋರಿನ್

ಹಾಳೆಯನ್ನು ಬೆಳಕಿನ ಮೇಜಿನ ಮೇಲೆ ಕತ್ತಲೆಯಲ್ಲಿ ಹರಡಿ ಸೂಜಿತೂತು ಇದೆಯೇ ಎಂದು ನೋಡಬೇಕು. ಉರುಳುಗೆರೆಯ ದಿಕ್ಕು ಕಮಾನಿನ ಸುತ್ತಳತೆಯ ಉದ್ದಕ್ಕೆ ಬರುವಂತೆ ಕತ್ತರಿಸಬೇಕು, ಎಳೆತ ಗೆರೆಗೆ ಅಡ್ಡಲಾಗಿ ಬಂದರೆ ಗೆರೆಯೇ ಬಿರುಕಾಗುತ್ತದೆ. ರಿಬ್‌ಗಳ ಅಂಚನ್ನು ಬೆರಳಿಗೆ ತಾಗದಷ್ಟು ದುಂಡಗೆ ಉಜ್ಜಿರಬೇಕು. ನೀರಿನ ದಾರಿಗಳನ್ನು ಹಾಳೆ ಹಾಕುವ ಮೊದಲೇ ಹೀಲಿಯಂನಿಂದ ಸೋರಿಕೆ ಪರೀಕ್ಷೆ ಮಾಡಿ ಮುಗಿಸಬೇಕು.

ಹಾಳೆ ಕೂತ ಮೇಲೆ ಡಯೋಡ್ ಮತ್ತು ಸೆಲ್ ಎರಡನ್ನೂ ಅಡ್ಡಕೊಳವೆಯಿಂದ ಜೋಡಿಸಿಯೇ ನಿರ್ವಾತಕ್ಕೆ ಎಳೆಯಬೇಕು. ಸೆಲ್ ನಿರ್ವಾತದಲ್ಲಿರುವಾಗ ಡಯೋಡಿಗೆ ಗಾಳಿ ಬಿಟ್ಟರೆ ಹಾಳೆ ಎದುರು ಕಡೆಗೆ ಉಬ್ಬಿ ಮಡಿಕೆ ಬೀಳುತ್ತದೆ. ಮಡಿಕೆ ಬಿದ್ದ ಹಾಳೆ ಸೋರದಿದ್ದರೂ ತೆಗೆದುಹಾಕಬೇಕು, ಮುಂದೆ ಒತ್ತಡದ ಜಿಗಿತಕ್ಕೆ ಅದೇ ಸಾಲಿನಲ್ಲಿ ಹರಿಯುತ್ತದೆ. ಅಡ್ಡಕೊಳವೆಯ ವಾಲ್ವನ್ನು ಒತ್ತಡ ವ್ಯತ್ಯಾಸದ ಗೇಜಿಗೆ ಬೀಗಹಾಕಿ, ಹಿಮ್ಮುಖ ಒತ್ತಡ ಕೆಲವು ಟಾರ್ ದಾಟಿದರೆ ತಾನಾಗಿಯೇ ತೆರೆಯುವಂತೆ ಇಡುವುದು ಕ್ಷೇಮ.

ಫ್ಲೋರಿನ್‌ಗೆ ನಿಕಲ್, ಮೋನೆಲ್, ಸ್ಟೇನ್‌ಲೆಸ್ ಸ್ಟೀಲ್ ಹೊಂದುತ್ತವೆ, ವೈಟಾನ್ ಓ-ರಿಂಗ್ ಸಾಕು. ಸಿಲಿಕೋನ್ ರಬ್ಬರು, ಎಣ್ಣೆ ಆಧಾರಿತ ಗ್ರೀಸು ಎಲ್ಲೂ ಇರಬಾರದು, ಪರ್ಫ್ಲೋರೋ ಗ್ರೀಸೇ ಆಗಬೇಕು. ಮೊದಲ ಬಾರಿಗೆ ಆರ್ಗಾನ್‌ನಲ್ಲಿ ಬೆರೆಸಿದ ಫ್ಲೋರಿನನ್ನು ಒಂದು ಟಾರ್‌ಗಿಂತ ಕಡಿಮೆ ಪಾಲಿನಲ್ಲಿ ತುಂಬಿ ಬಿಟ್ಟು, ಪಾಲು ಎಷ್ಟು ಬೇಗ ಇಳಿಯುತ್ತದೆಂದು ನೋಡಿ, ಮತ್ತೆ ತುಂಬುತ್ತಾ 3 ಟಾರ್ ತನಕ ಏರಿಸಬೇಕು. ನೀರಿನ ಅಂಶ ಉಳಿದಿದ್ದರೆ ಹೈಡ್ರೋಜನ್ ಫ್ಲೋರೈಡ್ ಹುಟ್ಟಿ ಸಿಲಿಕಾ ಕಿಟಕಿಗಳನ್ನು ಕೊರೆಯುತ್ತದೆ. ಕಿಟಕಿ ಮಸುಕಾದರೆ ದೋಷವನ್ನು ಲೇಪನದಲ್ಲಿ ಹುಡುಕುವ ಮೊದಲು ತೇವದಲ್ಲಿ ಹುಡುಕಬೇಕು.

ತೂತು ಬಿದ್ದದ್ದನ್ನು ಮೊದಲು ಹೇಳುವುದು ಡಯೋಡ್ ಕಡೆಯ ಉಳಿಕೆ ಅನಿಲ ವಿಶ್ಲೇಷಕ. ಆರ್ಗಾನ್‌ನ ಪರಮಾಣು ತೂಕವಾದ 40ರ ಗೆರೆಯನ್ನು ನಂಬಬಾರದು, ಹೊರಗಾಳಿಯಲ್ಲೂ ಶೇ. 1ರಷ್ಟು ಆರ್ಗಾನ್ ಇದೆ. ಕ್ರಿಪ್ಟಾನ್‌ನ 84ರ ಗೆರೆ ಮೇಲೆದ್ದರೆ ಅದು ಹಾಳೆಯಿಂದಲೇ ಬಂದದ್ದು. ತಕ್ಷಣ ಚಾರ್ಜಿಂಗ್ ನಿಲ್ಲಿಸಿ, ಪಂಪಿನ ಗೇಟ್ ವಾಲ್ವ್ ಮುಚ್ಚಿ, ಸೆಲ್‌ನ ಅನಿಲವನ್ನು ಫ್ಲೋರಿನ್ ಹೀರುವ ಗೋಪುರದ ಮೂಲಕ ಹೊರಬಿಟ್ಟು, ನೈಟ್ರೋಜನ್ ತುಂಬಿ ತೆಗೆಯುವುದನ್ನು ಹಲವು ಸಲ ಮಾಡಬೇಕು. ತೆರೆಯುವ ಮುನ್ನ ಡಯೋಡಿನಲ್ಲೂ ಫ್ಲೋರಿನ್ ಇದೆ ಎಂದೇ ಭಾವಿಸಬೇಕು. ತೂತಿನ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾರಣ ತಿಳಿಯುತ್ತದೆ: ಕರಗಿ ಮಣಿಗಟ್ಟಿದ ದುಂಡು ಅಂಚು ಪಲ್ಸಿನ ಬಾಲದ್ದು, ತೆಳುವಾಗಿ ಎಳೆದು ಹರಿದ ಅಂಚು ಬಿಸಿ ಮತ್ತು ಎಳೆತದ್ದು, ರಿಬ್‌ನ ಗೆರೆಗುಂಟ ನೇರ ಬಿರುಕು ಅಂಚು ಉಜ್ಜುವಾಗಿನ ಲೋಪದ್ದು.

ಎಲ್ಲಿಗೆ ಬಂದಿದೆ

ಎಲೆಕ್ಟ್ರಾದ ಮುಖ್ಯ ಆಂಪ್ಲಿಫೈಯರನ್ನು ಆಸಿಲೇಟರ್ ಆಗಿ, ಅಂದರೆ ಹೊರಗಿನ ಬೆಳಕು ಕೊಡದೆ ತಾನೇ ಲೇಸರ್ ಬೆಳಕು ಹುಟ್ಟಿಸುವಂತೆ ಓಡಿಸಿದಾಗ ಶಾಟ್ ಒಂದಕ್ಕೆ ಸುಮಾರು 700 ಜೂಲ್ ಲೇಸರ್ ಬೆಳಕು ಬಂದಿತು. 5 ಹರ್ಟ್ಸ್‌ನಲ್ಲಿ ಓಡಿತು, 2.5 ಹರ್ಟ್ಸ್‌ನಲ್ಲಿ ಹತ್ತು ಗಂಟೆ ನಿಲ್ಲದೆ 90,000 ಶಾಟ್ ಮುಗಿಸಿತು. ಅನಿಲ ಸ್ವಿಚ್ಚುಗಳ ವಿದ್ಯುದಗ್ರಗಳು ಲಕ್ಷ ಶಾಟ್‌ನ ಮಟ್ಟದಲ್ಲಿ ಸವೆಯುತ್ತವೆಂದು ಬೇರೆಯಾಗಿ ಕಟ್ಟಿದ ಪೂರ್ತಿ ಘನಸ್ಥಿತಿ ಪಲ್ಸ್ ಪವರ್ ಘಟಕ 10 ಹರ್ಟ್ಸ್‌ನಲ್ಲಿ 319 ಗಂಟೆ, ಅಂದರೆ 1.15 ಕೋಟಿ ಶಾಟ್ ನಿರಂತರ ಓಡಿತು. ಅದು ಓಡಿದ್ದು ಎಲೆಕ್ಟ್ರಾದ ದೊಡ್ಡ ಹಾಳೆಯನ್ನು ಮುಂದಿಟ್ಟುಕೊಂಡಲ್ಲ. 90,000ಕ್ಕೂ 30 ಕೋಟಿಗೂ ನಡುವಿನ ಅಂತರ ಹಾಳೆಯದೇ.

ಸ್ಥಾವರದ ಲೆಕ್ಕದಲ್ಲಿ ಪಲ್ಸ್ ಪವರ್ ಶೇ. 82, ಹಿಬಾಚಿ ಶೇ. 80, ಅನಿಲದೊಳಗಿನ ಪರಿವರ್ತನೆ ಶೇ. 12, ದೃಕ್ ಮಾರ್ಗ ಮತ್ತು ಸಹಾಯಕ ಯಂತ್ರಗಳು ತಲಾ ಶೇ. 95 ಎಂದು ಹಿಡಿದರೆ ಒಟ್ಟು ಶೇ. 7. ಹಿಬಾಚಿಯ ಆ 80 ಸಿಗುವುದು 500 ಕಿಲೋವೋಲ್ಟಿನಲ್ಲಲ್ಲ, 800ರ ಹತ್ತಿರ. ವೋಲ್ಟೇಜ್ ಏರಿದಂತೆ ಹಾಳೆಯಲ್ಲಿ ಬಿಡುವ ಪಾಲು ಇಳಿಯುತ್ತದೆ, ಹಾಗಾಗಿ ಆ ದಿಕ್ಕು ಹಾಳೆಗೂ ಒಳ್ಳೆಯದೇ.

ನಂತರ ಎಲೆಕ್ಟ್ರಾವನ್ನು 193 ನ್ಯಾನೋಮೀಟರಿನ ಆರ್ಗಾನ್ ಫ್ಲೋರೈಡ್ ಲೇಸರಾಗಿ ಮಾರ್ಪಡಿಸಿ 200 ಜೂಲ್ ತನಕ ತೆಗೆದರು. ಡಯೋಡು, ಹಿಬಾಚಿಯ ದೃಷ್ಟಿಯಿಂದ ಇಲ್ಲಿ ಬದಲಾಗುವುದು ಅನಿಲದ ತೂಕ. ಕ್ರಿಪ್ಟಾನ್ ಬೆರೆತ 1.36 ವಾತಾವರಣದ ಅನಿಲ ಲೀಟರಿಗೆ ಸುಮಾರು 3.25 ಗ್ರಾಂ, ಅದೇ ಒತ್ತಡದ ಬರೀ ಆರ್ಗಾನ್ 2.26 ಗ್ರಾಂ. ಎಲೆಕ್ಟ್ರಾನುಗಳು ಸೆಲ್‌ನಲ್ಲಿ ಕಡಿಮೆ ಶಕ್ತಿ ಬಿಟ್ಟು ಎದುರಿನ ಹಾಳೆಗೆ ಹೆಚ್ಚು ಸಂಖ್ಯೆಯಲ್ಲಿ ತಲುಪುತ್ತವೆ. ಅನಿಲದ ತೂಕವನ್ನು ಮೊದಲಿನಷ್ಟೇ ಮಾಡಲು ಒತ್ತಡವನ್ನು 1.96 ವಾತಾವರಣಕ್ಕೆ ಏರಿಸಿದರೆ 3 ಸೆಂ.ಮೀ. ಕಮಾನಿನ ಹಾಳೆಯ ಸ್ಥಿರ ಎಳೆತವೇ 238 ಮೆಗಾಪ್ಯಾಸ್ಕಲ್ ಆಗುತ್ತದೆ, ಶಾಟ್‌ನ ಜಿಗಿತ ಅದರ ಮೇಲೆ. ತ್ರಿಜ್ಯವನ್ನು 2.1 ಸೆಂ.ಮೀ.ಗೆ ಇಳಿಸಿದರೆ ಎಳೆತ ಮತ್ತೆ 165ರ ಹತ್ತಿರ ಬರುತ್ತದೆ. 4 ಸೆಂ.ಮೀ. ಅಂತರಕ್ಕೆ ಅದು ಹೆಚ್ಚುಕಡಿಮೆ ಅರ್ಧವೃತ್ತ. ಹಾಳೆ ರಿಬ್‌ನ ಪಕ್ಕಕ್ಕೆ ಬಹುತೇಕ ನೇರವಾಗಿ ಇಳಿಯುತ್ತದೆ, ಆ ಇಳಿಜಾರಿನಲ್ಲಿ ಎಲೆಕ್ಟ್ರಾನು ಓರೆಯಾಗಿ ದಾಟಬೇಕಾದ ಲೋಹದ ದಪ್ಪ ಹಲವು ಪಟ್ಟು. ಕ್ಯಾಥೋಡ್ ಪಟ್ಟಿಯನ್ನು ಇನ್ನೂ ಕಿರಿದು ಮಾಡಿ ಕಮಾನಿನ ನೆತ್ತಿಗಷ್ಟೇ ಗುರಿಯಿಡಬೇಕು, ಇಲ್ಲವೇ ರಿಬ್‌ಗಳನ್ನು ಹತ್ತಿರ ತಂದು ಪಟ್ಟಿಗಳ ಸಂಖ್ಯೆ ಹೆಚ್ಚಿಸಿ, 6 ಡಿಗ್ರಿಯ ಓರೆಯನ್ನು ಹೊಸದಾಗಿ ಹೊಂದಿಸಬೇಕು.